ಸಪ್ತಭಂಗಿಯಲ್ಲಿ ‘ಸ್ಯಾತ್’ ಮತ್ತು ‘ಏವ’

‘ಸ್ಯಾದಸ್ತ್ಯೇವ ಘಟಃ’ ಎಂಬಲ್ಲಿ ಘಟದ ಸ್ಥಾನದಲ್ಲಿ ಪಟವನ್ನಿಟ್ಟರೂ ‘ಸ್ಯಾತ್’, ‘ಏವ’ಗಳು ಬದಲಾಗವು. ಇಂಥವನ್ನು ಆಧುನಿಕ ತರ್ಕಶಾಸ್ತ್ರವು ತಾರ್ಕಿಕ ಸ್ಥಿರಪದಗಳೆನ್ನುತ್ತದೆ. ಅವುಗಳ ಎಲ್ಲೆ ಯಾವುದೆಂಬ ಪ್ರಶ್ನೆಯನ್ನು ಟಾರ್ಸ್ಕಿಯವರು 1936ರಲ್ಲಿ ಎತ್ತಿ, ಬಗೆಹರಿಸದೆ ಬಿಟ್ಟರು. ಜೈನಾಚಾರ್ಯರು ಇವನ್ನು ನಿಪಾತಗಳೆಂದು ವಿಚಾರಿಸಿದರು. ಸಮಂತಭದ್ರರ ಆಪ್ತಮೀಮಾಂಸೆಯ ಪ್ರಕಾರ ‘ಸ್ಯಾತ್’ ಅನೇಕಾಂತವನ್ನು ದ್ಯೋತಿಸುವ ನಿಪಾತ. ‘ಬಹುಶಃ’ ಎಂಬ ಅರ್ಥ ಇಲ್ಲಿ ಸಲ್ಲದು. ‘ಸ್ಯಾತ್’ ಅಪೇಕ್ಷೆಯನ್ನು ಸೂಚಿಸಿದರೆ, ಆ ಅಪೇಕ್ಷೆಯೊಳಗೆ ‘ಏವ’ ನಿಶ್ಚಯವನ್ನು ಕೊಡುತ್ತದೆ. ಸ್ವದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಘಟವು ಇದ್ದೇ ಇದೆ. ಪರದ್ರವ್ಯಾದಿಗಳಿಂದ ಇಲ್ಲವೇ ಇಲ್ಲ. (ಕನ್ನಡದ ಏಕಾರವು ಈ ಅವಧಾರಣೆಯನ್ನು ಇನ್ನೂ ಕಿರಿದರಲ್ಲಿ ಹೇಳುತ್ತದೆ.)

ಹಸ್ತಪ್ರತಿ ಸಂಪಾದಕರಿಗೆ ಇಲ್ಲೊಂದು ತೊಡಕಿದೆ. ಓಲೆಯಲ್ಲಿ ‘ಸ್ಯಾತ್’ ಕಾಣದಿದ್ದರೆ ಅದು ಲಿಪಿಕಾರನ ಲೋಪವೆ? ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯು ಕೊಂಡಾಡುವ, 8ನೆಯ ಶತಮಾನದ ಅಕಲಂಕದೇವರು ಲಘೀಯಸ್ತ್ರಯದಲ್ಲಿ ಉತ್ತರವಿತ್ತಿದ್ದಾರೆ: ಪ್ರಯೋಕ್ತೃ ಕುಶಲನಾಗಿದ್ದರೆ, ಪ್ರಯೋಗಿಸದಿದ್ದರೂ ಸ್ಯಾತ್ಕಾರವು ಅರ್ಥದಿಂದಲೇ ತಿಳಿಯುತ್ತದೆ. ವಿದ್ಯಾನಂದರು ಶ್ಲೋಕವಾರ್ತಿಕದಲ್ಲಿ ಇದಕ್ಕೆ ಏವಕಾರವನ್ನೇ ದೃಷ್ಟಾಂತವಾಗಿ ಕೊಟ್ಟರು. ಆದಕಾರಣ ನಿಪಾತದ ಅಭಾವವೊಂದನ್ನೇ ಕಾರಣವಾಗಿಟ್ಟು ಮೂಲವನ್ನು ತಿದ್ದುವುದು ಯುಕ್ತವಲ್ಲ. ಪಾಠಾಂತರವಿದ್ದರೆ ಅಡಿಯಲ್ಲಿ ತೋರಿಸಿದರೆ ಸಾಕು. ಇರುವ ‘ಏವ’ವನ್ನು ಪಾದಪೂರಣವೆಂದು ಕೈಬಿಡಲೂ ಆಗದು, ಗ್ರಂಥಕಾರನು ಅವಧಾರಣೆಯನ್ನು ಬಾಯಿಬಿಟ್ಟು ಹೇಳಿದ ಸ್ಥಳವದು.