ಗೋದಾವರಿ ದಡದ ಚಿತ್ರಪಾಠ

ವಿಶಾಖಪಟ್ಟಣದಲ್ಲಿ ಕೆಲಸ ಹಿಡಿದಿರುವ ನಮ್ಮಂಥವರು ವಿಜಯವಾಡಕ್ಕೆ ಹೋಗುವುದು ಹೆಚ್ಚಾಗಿ ರೈಲಿನಲ್ಲೇ. ಸುಮಾರು 350 ಕಿ.ಮೀ. ದಾರಿ. ಅರ್ಧ ದಾಟಿದ ಮೇಲೆ ರಾಜಮಂಡ್ರಿ, ಆಮೇಲೆ ಗೋದಾವರಿ. ಪಕ್ಕದಲ್ಲಿ 1900ರಲ್ಲಿ ಶುರುವಾಗಿ 1997ರಲ್ಲಿ ನಿವೃತ್ತಿಯಾದ ಹ್ಯಾವ್ಲಾಕ್ ಸೇತುವೆ. ಎಲ್ಲರೂ ಕಿಟಕಿಗೆ ಫೋನ್ ಹಿಡಿಯುತ್ತಾರೆ. ಆದರೆ ಆಂಧ್ರದ ಆಧುನಿಕ ಚಿತ್ರಕಲೆ ಕಣ್ಣುಬಿಟ್ಟದ್ದು ಇದೇ ದಡದಲ್ಲಿ ಎಂಬುದು ನನಗೆ ತಿಳಿದದ್ದು ಈ ಊರಿಗೆ ಬಂದ ಎಷ್ಟೋ ವರ್ಷಗಳ ಮೇಲೆ.

ರಾಜಮಂಡ್ರಿಯ ಸರ್ಕಾರಿ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದ ಆಸ್ವಾಲ್ಡ್ ಕೂಲ್ಡ್ರೆ ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು, ಜೊತೆಗೆ ಜಲವರ್ಣದ ಚಿತ್ರಕಾರ. ಅವರ ಸುತ್ತ ಹುಡುಗರ ಗುಂಪೊಂದು ಕೂಡಿತು: ಮುಂದೆ ಕಾದಂಬರಿಕಾರರಾದ ಅಡವಿ ಬಾಪಿರಾಜು, ವರದಾ ವೆಂಕಟರತ್ನಂ, ಮತ್ತು 1897ರಲ್ಲಿ ಅದೇ ಊರಲ್ಲಿ ಹುಟ್ಟಿದ ದಾಮೆರ್ಲ ರಾಮರಾವ್. ಸುತ್ತಲಿನ ಪ್ರಕೃತಿಯನ್ನು ಕಣ್ಣಾರೆ ನೋಡಿ ಬರೆಯಿರಿ ಎಂಬುದು ಮೇಷ್ಟ್ರ ಪಾಠ. ರಾಮರಾವ್ ಕೈಯಲ್ಲಿ ವಿಶೇಷವಿದೆ ಎಂದು ಕಂಡಾಗ, ತಮ್ಮ ಬಳಿಯೇ ಇಟ್ಟುಕೊಂಡು ತಮ್ಮಂತೆ ಬರೆಯಿಸಲಿಲ್ಲ; 1916ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆಗೆ ಕಳುಹಿಸಿದರು.

ಅದೇ ಕಾಲದಲ್ಲಿ ನಮ್ಮ ಕೆ. ವೆಂಕಟಪ್ಪನವರು ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿಯುತ್ತಿದ್ದರು. ಅವರ ಊಟಿಯ ಜಲವರ್ಣಗಳನ್ನು ಬೆಂಗಳೂರಿನಲ್ಲಿ ನೋಡಿದವರಿಗೆ ಗೊತ್ತು, ಮಂಜನ್ನೂ ಬೆಟ್ಟವನ್ನೂ ಬರೆಯಲು ಎಷ್ಟು ಹೊತ್ತು ಸುಮ್ಮನೆ ನೋಡುತ್ತಾ ಕೂರಬೇಕೆಂದು. ವೆಂಕಟಪ್ಪನವರ ಬೆನ್ನಿಗೆ ಅರಮನೆಯಿತ್ತು. ರಾಮರಾವ್ ಬೆನ್ನಿಗೆ ಇದ್ದದ್ದು ಒಬ್ಬ ಮೇಷ್ಟ್ರು.

ಮುಂಬೈಯಿಂದ ಮರಳಿದ ರಾಮರಾವ್ ಕಲಿತದ್ದನ್ನು ಹಂಚತೊಡಗಿದರು. ಊರಲ್ಲಿ ಚಿತ್ರಶಾಲೆ ತೆರೆದರು. ಹೆಂಡತಿ ಸತ್ಯವಾಣಿ, ತಂಗಿ ಬುಚ್ಚಿಕೃಷ್ಣಮ್ಮ ಇಬ್ಬರೂ ಚಿತ್ರಕಾರರಾದರು. 1925ರ ಫೆಬ್ರವರಿಯಲ್ಲಿ, 28 ತುಂಬುವ ಮುನ್ನವೇ, ಸಿಡುಬು ಅವರನ್ನು ಕೊಂಡೊಯ್ದಿತು.

ಇದೆಲ್ಲ ನನಗೆ ಬರೀ ಇತಿಹಾಸವಾಗಿ ಉಳಿಯದಿರಲು ಕಾರಣ ನಮ್ಮ ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿ. ಅವಳ ತಾತಯ್ಯ ಇಲ್ಲಿನ ಬಂದರಿನಲ್ಲಿ ದುಡಿದು, ಈಗ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ಇನ್ನು ಪ್ರಯಾಣ ಮಾಡಲಾರರು. ಅವರ ಹುಟ್ಟುಹಬ್ಬಕ್ಕೆ ಒಂದು ‘ಸೀನರಿ’ ಕೊಡಬೇಕೆಂದು ಅವಳ ಆಸೆ. ಬರೆದು ತಂದದ್ದು ನಾವೆಲ್ಲ ಶಾಲೆಯಲ್ಲಿ ಬರೆದದ್ದೇ: ಎರಡು ಬೆಟ್ಟ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ.

“ತಾತಯ್ಯ ದಿನಾ ನೋಡುತ್ತಿದ್ದದ್ದು ಇದನ್ನೇನಾ?” ಎಂದೆ.

“ಅಲ್ಲ ಅಂಕುಲ್, ಡಾಲ್ಫಿನ್ಸ್ ನೋಸ್.”

ಬೆಳಗ್ಗೆ ಆರ್.ಕೆ. ಬೀಚಿನಲ್ಲಿ ಕೂತೆವು. ಬೆಟ್ಟ ಎರಡಲ್ಲ, ಒಂದೇ. ಬಲಗಡೆಯಿಂದ ಮೂಗಿನಂತೆ ಸಮುದ್ರಕ್ಕೆ ಚಾಚಿದೆ. ಸೂರ್ಯ ಬೆಟ್ಟದ ಹಿಂದಲ್ಲ, ಎಡಕ್ಕೆ ನೀರಿನ ಮೇಲೆ. ದೂರದ ಬೆಟ್ಟ ಹಸಿರಲ್ಲ, ಮಾಸಿದ ನೀಲಿ. ಮೊದಲು ಕಾಗದ ಒದ್ದೆ ಮಾಡಿ ಆಕಾಶ, ತಿಳಿ ಬಣ್ಣ ಮೊದಲು, ಗಾಢ ಕೊನೆಗೆ, ನೊರೆಗೆ ಬಣ್ಣ ಬೇಡ, ಕಾಗದದ ಬಿಳಿಯನ್ನೇ ಬಿಡು ಎಂದಷ್ಟೇ ಹೇಳಿದೆ. ಬೆಟ್ಟದ ಅಂಚು ಒದ್ದೆ ಆಕಾಶಕ್ಕೆ ಹರಡಿಕೊಂಡಾಗ ಕುಂಚ ಇಸಿದುಕೊಂಡು ಸರಿಮಾಡಲು ಕೈ ತುರಿಸಿತು. ಮುಟ್ಟಲಿಲ್ಲ. ನಾನು ತಿದ್ದಿದ್ದರೆ ತಾತಯ್ಯನಿಗೆ ಹೋಗುತ್ತಿದ್ದದ್ದು ಮೊಮ್ಮಗಳು ಕಂಡ ಬೆಟ್ಟವಲ್ಲ, ನನ್ನದು. ಅವಳು ನೆನಪಿಟ್ಟು ದೀಪಸ್ತಂಭಕ್ಕೆ ಒಂದು ಗೀಟು ಎಳೆದಳು. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕೂಲ್ಡ್ರೆ 1919ರಲ್ಲಿ ಇಂಗ್ಲೆಂಡಿಗೆ ಮರಳಿದರು. ಶಿಷ್ಯ ತೀರಿಕೊಂಡ ಮೇಲೂ ಮೂರು ದಶಕ ಬದುಕಿದ್ದರು. ರಾಮರಾವ್ ಚಿತ್ರಗಳನ್ನು ಮನೆಯವರೂ ಗೆಳೆಯರೂ ಕಾಪಾಡಿದರು. ಇವತ್ತು ರಾಜಮಂಡ್ರಿಯಲ್ಲಿ ಅವರ ಹೆಸರಿನ ಕಲಾ ಗ್ಯಾಲರಿಯಿದೆ. ಅಲ್ಲಿ ಅಣ್ಣನ ಚಿತ್ರಗಳ ಜೊತೆ ತಂಗಿಯ ಚಿತ್ರಗಳೂ ಇವೆ. ಮುಂದಿನ ಸಲ ವಿಜಯವಾಡಕ್ಕೆ ಹೋಗುವವರು ರಾಜಮಂಡ್ರಿಯಲ್ಲಿ ಇಳಿದು, ಒಂದು ಗಾಡಿ ಬಿಟ್ಟು ಮುಂದಿನದನ್ನು ಹಿಡಿದರೂ ನಷ್ಟವಿಲ್ಲ.