ಧಾತು ಬರದ ಕಂಬಿ ಕೆಲಸ

ನನ್ನ ತಾತನ ತಾತನ ಬಗ್ಗೆ ಮನೆಯಲ್ಲಿ ಉಳಿದಿರೋದು ಅಜ್ಜಿ ಹೇಳ್ತಿದ್ದ ಒಂದೇ ಮಾತು: "ಧಾತು ಬರದಾಗೆ ಮೂವರು ಅಣ್ತಮ್ಮಂದ್ರು ಕಂಬಿ ಕೆಲ್ಸಕ್ಕೋದ್ರು, ಒಬ್ಬ ಬಂದ." ಪಟ ಇಲ್ಲ, ಜಾತಕ ಇಲ್ಲ. ಆದರೆ ಇಸವಿ ಇದೆಯಲ್ಲ! ಧಾತು ಸಂವತ್ಸರ ಅಂದ್ರೆ 1876-77. ನಮ್ಮದು ಮದ್ದೂರು ಕಡೆ. ಹಾಗಾಗಿ ಕಂಬಿ ಅಂದ್ರೆ ಬೆಂಗಳೂರು-ಮೈಸೂರು ರೈಲುದಾರಿಯೇ ಇರಬೇಕು. ಬರಪರಿಹಾರದ ಕೂಲಿಯವರು ಮಣ್ಣು ಹೊತ್ತ ದಾರಿ ಅದು. 1882ರಲ್ಲಿ ರೈಲು ಮೈಸೂರು ಮುಟ್ಟಿತು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು, 1881ರಲ್ಲಿ 42 ಲಕ್ಷಕ್ಕೂ ಕಮ್ಮಿ. ಸತ್ತವರು, ಊರು ಬಿಟ್ಟವರು... ಆ ಲೆಕ್ಕದೊಳಗೆ ನಮ್ಮನೆಯ ಇಬ್ಬರೂ ಇದ್ದಾರೆ. ಹೆಸರು ಅಜ್ಜಿಗೂ ಗೊತ್ತಿರಲಿಲ್ಲ. ರೈಲು ಶಿಂಷಾ ಸೇತುವೆ ದಾಟುವಾಗ ಮಾತ್ರ ತಪ್ಪದೆ ಎರಡು ಕಾಸು ಎಸೀತಿದ್ರು.