ಪಿಡುಗಿನ ಕಾಲದಲ್ಲಿ ದುಡಿಮೆಯ ಗಂಟೆಗಳು

ಶಿವಮೊಗ್ಗದ ಸವಳಂಗ ರಸ್ತೆಯಿಂದ ಭದ್ರಾವತಿಯವರೆಗೆ ಜನಸಂಚಾರವನ್ನು ತಡೆದ 2020ರ ಕೋವಿಡ್ ಪಿಡುಗು ಕಾರ್ಮಿಕ ಶಾಸನದ ಇತಿಹಾಸದಲ್ಲಿಯೂ ಒಂದು ಪ್ರಶ್ನೆಯನ್ನೆತ್ತಿತು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಅಧಿನಿಯಮವು ದುಡಿಮೆಗೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ಅದರ 5ನೆಯ ಪ್ರಕರಣದಂತೆ ‘ಸಾರ್ವಜನಿಕ ತುರ್ತು ಪರಿಸ್ಥಿತಿ’ಯಲ್ಲಿ ಸರಕಾರವು ಈ ಮಿತಿಯನ್ನು ಸಡಿಲಿಸಬಹುದಾಗಿತ್ತು, ಯುದ್ಧ, ಬಾಹ್ಯ ಆಕ್ರಮಣ, ಆಂತರಿಕ ಕ್ಷೋಭೆಗಳಿಂದ ದೇಶದ ಭದ್ರತೆಗೆ ಒದಗುವ ಗಂಡಾಂತರವೇ ಆ ಪದದ ಅರ್ಥ. ಇದನ್ನಾಧರಿಸಿ ಕರ್ನಾಟಕ ಸರಕಾರವು ಮೇ 22ರಂದು ಮಿತಿಯನ್ನು 10 ಹಾಗೂ 60 ಗಂಟೆಗಳಿಗೆ ಏರಿಸಿತು. ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆ ಬಂದ ಮೇಲೆ ಜೂನ್ 11ರಂದು ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಗುಜರಾತಿನ ಇಂತಹದೇ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಅಕ್ಟೋಬರ್ 1ರಂದು ರದ್ದುಪಡಿಸಿ, ಪಿಡುಗಿನ ಆರ್ಥಿಕ ಸಂಕಟವು ಆ ಅರ್ಥಕ್ಕೆ ಒಳಪಡದೆಂದು ನಿರ್ಣಯಿಸಿತು. ಮಾಲೀಕನ ನಷ್ಟ ನಿಜವೇ. ಆದರೆ ಅದನ್ನು ಕಾರ್ಮಿಕನ ವಿಶ್ರಾಂತಿಯಿಂದ ತುಂಬಿಕೊಳ್ಳಲಾಗದೆಂಬುದೇ ಈ ಪ್ರಸಂಗದಿಂದ ನಾವು ಗ್ರಹಿಸಬೇಕಾದ ಪಾಠ.